ಒಳಗೆ ಸವೆದ ಗಾಲಿ

ಕುಂದಣಗಿರಿ ರಾಜ್ಯದ ಊರೂರಲ್ಲೂ ಡಂಗುರ ಹೊಡೆದರು. “ಕೇಳಿರಪ್ಪೋ ಕೇಳಿ! ಮಹಾರಾಜ ವೀರಕಂಠರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಅರ್ಧ ರಾಜ್ಯ. ಒಂದು ತಪ್ಪಿದರೂ ತಲೆದಂಡ!”

ರಾಜನ ಒಬ್ಬನೇ ಮಗ ಮಾರ್ತಾಂಡ ಘಟ್ಟದ ತಿರುವಿನಲ್ಲಿ ಕಾರಿನ ಟೈರು ಸಿಡಿದು ತೀರಿಕೊಂಡು ಆಗ ಒಂದು ಮಳೆಗಾಲ ಕಳೆದಿತ್ತು. ಮೂತಿ ನಜ್ಜುಗುಜ್ಜಾದ ಆ ಕಾರನ್ನು ರಾಜ ಅರಮನೆಯ ಅಂಗಳದಲ್ಲೇ ನಿಲ್ಲಿಸಿಕೊಂಡಿದ್ದ. ಜನ ತನ್ನ ಮಗನನ್ನು ಮರೆತು ನಗುತ್ತಾರೆ, ಮದುವೆ ಮಾಡಿಕೊಳ್ಳುತ್ತಾರೆ ಎಂಬ ಸಂಕಟ ಅವನ ಎದೆಯಲ್ಲಿ ಹೆಪ್ಪುಗಟ್ಟಿ ಕ್ರೌರ್ಯವಾಗಿತ್ತು.

ಮೊದಲು ಬಂದವನು ಸಾಮಂತನೊಬ್ಬನ ಮಗ. ರಾಜ ಕೇಳಿದ: “ಒಂದೇ ದಾರಿ ನಡೆದ, ಒಂದೇ ಹೊರೆ ಹೊತ್ತ ಒಬ್ಬನಿದ್ದಾನೆ. ಅವನ ಹೊರಮಗ್ಗುಲು ಹೊಸದು, ಒಳಮಗ್ಗುಲು ಹರಿದು ಚಿಂದಿ. ಯಾರವನು?”

“ಕಪಟ ಸನ್ಯಾಸಿ, ಪ್ರಭು!” ಎಂದು ಅವನು ನಕ್ಕು ಹೇಳಿದ. ಆ ನಗು ಅವನ ಮುಖದಿಂದ ಮಾಸುವ ಮೊದಲೇ ಭಟರು ಎಳೆದೊಯ್ದರು.

ಎರಡನೆಯವನು ಕೆಂಚ. ಕೋಟೆಯ ಹೊರಗಿನ ಕೇರಿಯಲ್ಲಿ ಹಳೇ ಟೈರು ಕೊಯ್ದು ಚಪ್ಪಲಿ ಹೊಲಿಯುತ್ತಿದ್ದವನು. ಮೊದಲ ಒಗಟಿಗೆ “ಕಾರಿನ ಟೈರು, ಬುದ್ಧಿ” ಎಂದ. ಸಭೆ ಬೆರಗಾಯಿತು. ರಾಜ ಎರಡನೆಯದನ್ನು ಕೇಳಿದ: “ಗಿಡ್ಡನಾದ ಮೇಲೆ ಬಗ್ಗಲಾರ. ಬಗ್ಗಲಾರದೆ ತನ್ನ ಒಡೆಯನಿಗೇ ಪೆಟ್ಟು ಕೊಡಿಸುತ್ತಾನೆ. ಯಾರು?” ಕೆಂಚ ಬಹಳ ಹೊತ್ತು ಯೋಚಿಸಿ, “ಮುದುಕನ ಬೆನ್ನು” ಎಂದ. ಅವನ ತಲೆಯೂ ಹೋಯಿತು.

ಅಣ್ಣನೊಡನೆ ಚಪ್ಪಲಿ ಹೊಲಿಯುತ್ತ ಗಾಡಿ ರಿಪೇರಿಯನ್ನೂ ಮಾಡುತ್ತಿದ್ದ ಕೆಂಚನ ತಮ್ಮ ದುರುಗ ಅಣ್ಣನ ಮಣ್ಣು ಮುಗಿಸಿ ಮನೆಗೆ ಬಂದಾಗ ತಾಯಿ ಹುಲಿಗೆವ್ವ ಒಲೆ ಹಚ್ಚದೆ ಕೂತಿದ್ದಳು. ಹೊರಗೆ ಮತ್ತೆ ಡಂಗುರ ಕೇಳಿಸಿತು.

“ಯವ್ವಾ, ನಾನು ಹೋಗತೀನಿ,” ಎಂದ ದುರುಗ.

“ನನಗೆ ಉಳಿದಿರಾವ ನೀನೊಬ್ಬನ ಅಲ್ಲೇನೋ?”

“ಒಬ್ಬರು ಬಿಡಿಸೋ ತನಕ ಈ ಡಂಗುರ ನಿಲ್ಲಂಗಿಲ್ಲ. ನಾಳೆ ಇನ್ನೊಬ್ಬ ತಾಯಿ ಹಿಂಗ ಕೂಡತಾಳ.”

ಅವಳು ಗೋಡೆಯ ಕಡೆ ಮುಖ ಮಾಡಿದಳು.

ದುರುಗ ಅಂಜುತ್ತಲೇ ಸಭೆಗೆ ಬಂದು ಕೈಮುಗಿದ. ರಾಜ ಅವೇ ಎರಡು ಒಗಟು ಕೇಳಿದ. “ಬುದ್ಧಿ, ಉತ್ತರ ಹೇಳೋ ಮುಂಚೆ ಅಂಗಳದ ಕಾರನ್ನು ನೋಡಬೇಕು,” ಎಂದ. ಅಲ್ಲಿಯವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ರಾಜ ಒಪ್ಪಿ ತಲೆಯಾಡಿಸಿದ.

ದುರುಗ ನೆಲದ ಮೇಲೆ ಅಂಗಾತ ಮಲಗಿ ಕಾರಿನ ಕೆಳಗೆ ತೂರಿದ. ಎದ್ದು ಬಾಗಿಲುಗಳನ್ನೆಲ್ಲ ತೆರೆದು ಒಳಗೆ ಇಣುಕಿದ. ಹಿಂತಿರುಗಿ ಬಂದಾಗ ಅವನ ಭಯ ಹೋಗಿತ್ತು, ಕಣ್ಣು ಕೆಂಪಾಗಿತ್ತು.

“ಮೊದಲನೆಯದು ನಮ್ಮಣ್ಣ ಹೇಳಿದ್ದೇ, ಬುದ್ಧಿ. ಕಾರಿನ ಮೈಯನ್ನು ನೆಲಕ್ಕೆ ತಗ್ಗಿಸಿದರೆ ಗಾಲಿಗಳ ತಲೆ ಒಳಕ್ಕೆ ವಾಲುತ್ತದೆ, ಪಾದ ಹೊರಕ್ಕೆ ಸರಿಯುತ್ತದೆ. ಆಗ ಭಾರವೆಲ್ಲ ಟೈರಿನ ಒಳಅಂಚಿಗೆ. ನಿಂತು ನೋಡಿದವರಿಗೆ ಟೈರು ಹೊಸದೇ. ಮಲಗಿ ನೋಡಿದರೆ ರಬ್ಬರು ಸವೆದು ಒಳಗಿನ ನೂಲು ಕಾಣುತ್ತದೆ. ಎರಡನೆಯದು ಸ್ಪ್ರಿಂಗು. ಕಾರು ತಗ್ಗಲೆಂದು ಯಾರೋ ಅದನ್ನು ಕತ್ತರಿಸಿದ್ದಾರೆ. ಕುಗ್ಗುವುದಕ್ಕೆ ಜಾಗವೇ ಇಲ್ಲ. ಗುಂಡಿ ಸಿಕ್ಕಾಗಲೆಲ್ಲ ಪೆಟ್ಟು ನೇರವಾಗಿ ಗಾಲಿಗೆ, ಕೂತವನಿಗೆ. ತಗ್ಗಿಸಿದ್ದು ತಪ್ಪಲ್ಲ. ತಗ್ಗಿಗೆ ತಕ್ಕ ಸ್ಪ್ರಿಂಗು ಹಾಕಿ, ಗಾಲಿ ನೆಟ್ಟಗೆ ಮಾಡಿ, ಟೈರುಗಳ ಜಾಗವನ್ನು ಆಗಾಗ ಬದಲಿಸಬೇಕಿತ್ತು.”

ರಾಜ ಮುಂದಕ್ಕೆ ಬಾಗಿದ.

“ಚೆನ್ನಾಗಿ ಎತ್ತರಕ್ಕೆ ನಿಂತಿದ್ದ ಕಾರದು. ಅದನ್ನು ನನ್ನ ಮಗ ಯಾಕೆ ತಗ್ಗಿಸಿದ? ಇದೇ ಮೂರನೆಯದು.”

ಈ ಒಗಟಿನ ಉತ್ತರ ರಾಜನಿಗೂ ಗೊತ್ತಿಲ್ಲವೆಂದು ದುರುಗನಿಗೆ ಆಗ ಹೊಳೆಯಿತು.

“ಬುದ್ಧಿ, ಹಿಂದಿನ ಬಾಗಿಲ ಪಕ್ಕ ಹೊಸದಾಗಿ ಒಂದು ಹಿಡಿಕೆ ಕೂರಿಸಿದ್ದಾರೆ. ಒಳಗೆ ಹತ್ತುವವರು ಹಿಡಿದುಕೊಳ್ಳಲೆಂದು ಮೆತ್ತನೆ ಚರ್ಮ ಸುತ್ತಿದ್ದಾರೆ. ಆ ಚರ್ಮಕ್ಕೆ ಒಂದು ಕೈಯ ಬೆವರೂ ತಾಗಿಲ್ಲ. ಯುವರಾಜರು ಮುಂದೆ ಕೂತು ಓಡಿಸುತ್ತಿದ್ದವರು.” ದುರುಗ ತಡೆದು ರಾಜನ ಕಾಲುಗಳನ್ನು ನೋಡಿದ. “ತಮ್ಮ ಬಲಗಾಲಿನ ಜೋಡು ತುದಿಯಲ್ಲಿ ಸವೆದಿದೆ. ಮಂಡಿ ಎತ್ತಲಾಗದವರು ಹಾಗೆ ಕಾಲೆಳೆಯುತ್ತಾರೆ. ತಾವು ಹತ್ತಲೆಂದು ತಗ್ಗಿಸಿದರು, ಬುದ್ಧಿ.”

ರಾಜ ಸಿಂಹಾಸನದ ಕೈಯನ್ನು ಗಟ್ಟಿಯಾಗಿ ಹಿಡಿದ.

“ಕಾರೆಂದರೆ ನನಗಾಗದು ಎನ್ನುತ್ತಿದ್ದೆ. ಮಂಡಿನೋವೆಂದು ಹೇಳಲು ನಾಚಿಕೆ. ಅವನು ಅದನ್ನು ತಗ್ಗಿಸಿ ತಂದ ದಿನ, ಜಂಬಗಾರ ಎಂದು ಬೈದೆ. ಆಮೇಲೆ ಅವನೊಡನೆ ಮಾತಾಡಲಿಲ್ಲ. ಮಾತಾಡಲೇ ಇಲ್ಲ...”

ತುಂಬಿದ ಸಭೆಯಲ್ಲಿ ರಾಜ ಬಿಕ್ಕಿ ಬಿಕ್ಕಿ ಅತ್ತ. ತನ್ನ ಅಣ್ಣನನ್ನು ಕೊಲ್ಲಿಸಿದವನು ಅಳುವಾಗ ತನ್ನ ಕಣ್ಣಲ್ಲೂ ನೀರು ಬಂದದ್ದಕ್ಕೆ ದುರುಗನಿಗೆ ತನ್ನ ಮೇಲೇ ಸಿಟ್ಟು ಬಂತು.

ಕೊನೆಗೆ ರಾಜ ಕಣ್ಣೊರೆಸಿಕೊಂಡು, “ಅರ್ಧ ರಾಜ್ಯ ನಿನ್ನದು,” ಎಂದ.

“ನನಗೆ ರಾಜ್ಯ ಬೇಡ. ಡಂಗುರ ನಿಲ್ಲಿಸಿ. ಆಮೇಲೆ ನಮ್ಮ ಮನೆಗೆ ಬಂದು, ಕೆಂಚನನ್ನು ಯಾಕೆ ಕೊಂದಿರಿ ಅಂತ ನಮ್ಮವ್ವನಿಗೆ ನೀವೇ ಹೇಳಬೇಕು.”

ಅಂದೇ ಡಂಗುರ ನಿಂತಿತು. ರಾಜ ಅರಮನೆಯ ಗಾಡಿಖಾನೆಯ ಯಜಮಾನಿಕೆಯನ್ನು ದುರುಗನಿಗೆ ಕೊಟ್ಟು, ಕಾರನ್ನು ಸರಿಮಾಡಲು ಹೇಳಿದ. “ಎತ್ತರ ಮಾಡಬೇಡ. ನನ್ನ ಮಗ ತಗ್ಗಿಸಿದಷ್ಟೇ ಇರಲಿ,” ಎಂದ. ದುರುಗ ಜಜ್ಜಿದ ಮೂತಿ ಸರಿಪಡಿಸಿ, ತಕ್ಕ ಸ್ಪ್ರಿಂಗು, ಅದಕ್ಕೊಪ್ಪುವ ಶಾಕ್ ಅಬ್ಸಾರ್ಬರು ಹಾಕಿಸಿ, ವಾಲಿದ ಗಾಲಿಗಳನ್ನು ನೇರ ಮಾಡಿಸಿ, ಹೊಸ ಟೈರು ತೊಡಿಸಿದ. ರಾಜ ಯಾರ ಹೆಗಲನ್ನೂ ಹಿಡಿಯದೆ ಒಂದೇ ಹೆಜ್ಜೆಗೆ ಹತ್ತಿ ಕೂತ. ಕಾರು ಕೇರಿಗೆ ಹೊರಟಿತು.

ಹುಲಿಗೆವ್ವ ಹೊಸ್ತಿಲಲ್ಲಿ ಕೂತು ರಾಜ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು.

“ನಿನ್ನ ಕ್ಷಮಿಸಾಕ ನನ್ನ ಕೈಲಿ ಆಗಂಗಿಲ್ಲ,” ಎಂದಳು. ಆಮೇಲೆ ಕೇಳಿದಳು: “ನಿನ್ನ ಮಗಗ ತಿನ್ನಾಕ ಏನು ಸೇರತಿತ್ತು?”

ರಾಜ ಬಾಯಿ ತೆರೆದ. ಅವನಿಗೆ ಗೊತ್ತಿರಲಿಲ್ಲ.

“ನನ್ನ ಕೆಂಚಗ ಹುಣಸಿ ಚಿಗುರಿನ ಸಾರು,” ಎಂದು ಅವಳು ಹೇಳತೊಡಗಿದಳು. ರಾಜ ನೆಲದ ಮೇಲೆ ನೋಯುವ ಕಾಲು ಚಾಚಿ ಕೂತು, ತಾನು ಕೊಲ್ಲಿಸಿದ ಹುಡುಗನ ಕತೆಯನ್ನು ಅವಳು ಮುಗಿಸುವ ತನಕ ಕೇಳಿದ.