ದೂರ ನಿಂತರೂ ಜಲಪಾತ ಮುಖ ತೋಯಿಸುವುದೇಕೆ?

ಬೆಟ್ಟಗಳಿಗೆ ಇನ್ನೂ ಹೆಸರಿಡದ ಕಾಲವದು. ಭೂಮಿಯ ಮಣ್ಣೆಲ್ಲ ಹಸಿಹಸಿ. ಆಗ ಕಾಡಿನಲ್ಲಿ ಇಬ್ಬರು ಅಕ್ಕತಂಗಿಯರಿದ್ದರು. ಅಕ್ಕ ಹೊಳೆ, ತಂಗಿ ಮಂಜು.

ಅಕ್ಕ ಬಾಯಿಬಡುಕಿ. ತಂಗಿಗೆ ಮಾತೇ ಬಾರದು. ಇಬ್ಬರೂ ಕೈ ಹಿಡಿದುಕೊಂಡೇ ನಡೆಯುತ್ತಿದ್ದರು. ಅಕ್ಕ ಹರಟುತ್ತಿದ್ದಳು. ತಂಗಿ ಹೂಂ ಅನ್ನುವ ಬದಲು ಅಕ್ಕನ ಕೈ ಒತ್ತುತ್ತಿದ್ದಳು.

ಒಂದು ದಿನ ದಾರಿ ಮುಗಿದುಹೋಯಿತು. ಮುಂದೆ ನೆಲವೇ ಇಲ್ಲ, ಬರೀ ಪ್ರಪಾತ.

"ನಾನು ಮೊದಲು ಇಳೀತೀನಿ ಕಣೇ," ಎಂದಳು ಹೊಳೆ. "ಕೆಳಗಿನಿಂದ ಕೂ ಅಂತೀನಿ. ನೀನು ಬಂದು ಕೂ ಅನ್ನು. ಅಲ್ಲೀವರೆಗೂ ನಾನು ಸುಮ್ಮನಾಗಲ್ಲ."

ಕಾಡಿನಲ್ಲಿ ನಡೆಯುವವರ ನೇಮವೇ ಅದು. ಮುಂದೆ ಹೋದವರು ಕೂಗಬೇಕು, ಹಿಂದಿರುವವರು ಓಗೊಡಬೇಕು. ಆದರೆ ತಂಗಿಗೆ ಮಾತು ಬಾರದೆಂಬುದನ್ನೇ ಅಕ್ಕ ಅವಸರದಲ್ಲಿ ಮರೆತಳು. ಬಾಯಿಬಡುಕರ ಹಣೆಬರಹವೇ ಇಷ್ಟು, ನೀಲು ಮಗೂ, ನಿನ್ನ ಈ ಅಜ್ಜಿಯನ್ನೇ ನೋಡು.

ಹೊಳೆ ಧುಮುಕಿದಳು. "ಕೂ!" ಎಂದಳು.

ಮಂಜೂ ಹಿಂದೆಯೇ ಇಳಿದಳು. ಅಕ್ಕನ ಕೈ ಹಿಡಿದು ಒತ್ತಿದಳು. ಆದರೆ ಬಿದ್ದ ರಭಸಕ್ಕೆ ಅಕ್ಕನ ಮೈಯೆಲ್ಲ ಜೋಮು ಹಿಡಿದಿತ್ತು. ಅವಳಿಗೆ ಗೊತ್ತೇ ಆಗಲಿಲ್ಲ.

"ಕೂ! ಬಂದ್ಯೇನೇ? ಕೂ!"

ಓಗೊಡುವವರಿಲ್ಲ. ಅಕ್ಕನಿಗೆ ಭಯವಾಯಿತು. ಇನ್ನೂ ಜೋರಾಗಿ ಕೂಗಿದಳು. ತಂಗಿಯನ್ನು ಬಿಟ್ಟು ಮುಂದೆ ಹೋಗಲಾರದೆ ಮಡುವಿನಲ್ಲೇ ಸುತ್ತಿದಳು, ಸುತ್ತಿದಳು.

ಬಂಡೆಯ ಮೇಲೆ ಬಾಲ ಇಳಿಬಿಟ್ಟು ಕೂತಿದ್ದ ಕರಿಮೋರೆಯ ಮುಸುವ ನಕ್ಕಿತು. "ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಳಂತೆ! ಅಲ್ಲೇ ಇದ್ದಾಳಲ್ಲೇ, ನಿನ್ನ ಪಕ್ಕದಲ್ಲೇ!"

ತನ್ನದೇ ಕೂಗಿನ ಗದ್ದಲದಲ್ಲಿ ಹೊಳೆಗೆ ಅದು ಕೇಳಿಸಲಿಲ್ಲ. ಆಮೇಲೆ ಮುಸುವಕ್ಕೂ ನಗು ಬರಲಿಲ್ಲ.

ಮಂಜು ಬಿಕ್ಕಿ ಬಿಕ್ಕಿ ಅತ್ತಳು. ನಿನ್ನ ತಾತನಿಗೆ ಕಿವಿ ಹೋದ ವರ್ಷ ನನಗೂ ಹೀಗೇ ಆಗಿತ್ತು ನೀಲು. ಪಕ್ಕದಲ್ಲೇ ಇದ್ದೆ, ಒಂಟಿಯಾಗಿದ್ದೆ.

ಕೊನೆಗೆ ಮಂಜು ದಡಕ್ಕೆ ಬಂದಳು. ಕಂಡಕಂಡವರ ಕೆನ್ನೆ ಮುಟ್ಟತೊಡಗಿದಳು. ನನ್ನ ಪರವಾಗಿ ಒಂದು ಕೂ ಹಾಕಿ ಎಂದು ಹಾಗೆ ಮುಟ್ಟಿಯೇ ಬೇಡುತ್ತಿದ್ದಳು, ಪಾಪ.

ಅದಕ್ಕೇ, ಇಷ್ಟು ದೂರ ಬೇಲಿಯ ಹತ್ತಿರ ನಿಂತರೂ ನಿನ್ನ ಮುಖ ಒದ್ದೆಯಾಗಿದೆ. ಅದಕ್ಕೇ, ಈ ಕಾಡುದಾರಿ ಹತ್ತಿ ಬಂದವರೆಲ್ಲ, ಯಾರೂ ಹೇಳಿಕೊಡದಿದ್ದರೂ, ಜಲಪಾತ ಕಂಡೊಡನೆ ಕೂ ಎಂದು ಕೂಗುತ್ತಾರೆ.

ಮುಖ ಒರೆಸಿಕೊಳ್ಳಬೇಡ ಮಗೂ, ನೀನೂ ಒಂದು ಸಲ ಕೂಗು. ಹೊಳೆ ಇನ್ನೂ ಸುಮ್ಮನಾಗಿಲ್ಲ, ಕೇಳು. ಯಾರ ಕೂಗೂ ಅವಳಿಗೆ ಇವತ್ತಿನವರೆಗೆ ಮುಟ್ಟಿಲ್ಲ.