ದಡಕ್ಕೊಂದು ಮತ

ಮಕ್ಕಳೇ, ಕಾಡಿನ ನಡುವೆ ಮೂರು ದಡಗಳ ಒಂದು ಕೆರೆ ಇತ್ತು. ಅದರ ಮೂಡಣ ದಡವೆಲ್ಲ ಮರಳು. ಮೊಲ, ಕಪ್ಪೆ, ಆಮೆ, ನವಿಲು, ಟಿಟ್ಟಿಭ ಎಂದು ಕೆರೆಯ ಬಹುಪಾಲು ಜೀವಿಗಳು ಅಲ್ಲೇ ಒತ್ತೊತ್ತಾಗಿ ಬಾಳುತ್ತಿದ್ದವು. ಉಳಿದ ಎರಡು ದಡಗಳಲ್ಲಿ ಇದ್ದದ್ದು ಬೆರಳೆಣಿಕೆಯ ಕಾಡುಹಂದಿಗಳು ಮಾತ್ರ.

ಆದರೆ ನಾಯಕನನ್ನು ಆರಿಸುವಾಗ ದಡಕ್ಕೊಂದೇ ಮತ. ಹಿಂದೆ ಕೆರೆಯ ಸುತ್ತ ಮುಳ್ಳುಪೊದೆ ಬೆಳೆದು, ಎಲ್ಲರೂ ಒಂದೆಡೆ ಸೇರಲು ದಾರಿಯೇ ಇರಲಿಲ್ಲ. ಆಗ ಪ್ರತಿ ದಡಕ್ಕೂ ಒಂದೊಂದು ಹಕ್ಕಿ ಹಾರಿ ಹೋಗಿ ಅಲ್ಲಿಯವರ ಒಂದು ಮತ ತರುತ್ತಿತ್ತು. ಈಗ ಮುಳ್ಳು ಹೋಗಿ ದಾರಿಯಾಗಿದೆ. ನಿಯಮ ಮಾತ್ರ ಹಾಗೇ ಕೂತಿದೆ! ಅದನ್ನು ಕಾಯುತ್ತಿದ್ದವಳು ಮುದಿ ಆಮೆ ಚಿಪ್ಪಜ್ಜಿ.

ಆ ವರ್ಷ ನಾಯಕನಾಗಲು ನಿಂತವರು ಮೂಡಣ ದಡದ ಕಡವೆ ಮತ್ತು ಕಾಡುಹಂದಿ ಕೋರೆರಾಯ. ತಾನು ಗೆದ್ದರೆ ಮರಳು ದಡವನ್ನು ತನ್ನ ಹಿಂಡು ಇಷ್ಟಬಂದಂತೆ ಅಗೆಯಬಹುದು ಎಂದು ಕೋರೆರಾಯ ಬಾಯಿಬಿಟ್ಟೇ ಹೇಳಿದ್ದ. ಅದೇ ಮರಳಿನಲ್ಲಿ ಮೊಟ್ಟೆಯಿಟ್ಟಿದ್ದ ಟಿಟ್ಟಿಭ ಹಕ್ಕಿ ಟಿಟ್ಟವ್ವನಿಗೆ ಜೀವ ಬಾಯಿಗೆ ಬಂತು. ಅವಳು ಚಿಪ್ಪಜ್ಜಿಯ ಬಳಿ ಓಡಿದಳು.

"ಅಜ್ಜಿ, ಈ ಸಲ ತಲೆ ಎಣಿಸಿ. ದಡ ಎಣಿಸಬೇಡಿ."

"ಮೊದಲಿಂದ ನಡೆದು ಬಂದದ್ದು ಮಗಳೇ, ನಿನಗೋಸ್ಕರ ಬದಲಾಯಿಸೋಕಾಗುತ್ತಾ? ನನ್ನ ಮೊಟ್ಟೆಗಳೂ ಅಲ್ಲೇ ಇವೆ. ನಾನೇನು ಹೆದರಿದ್ದೀನಾ?"

ಮತದ ದಿನ ಮೂಡಣ ದಡವೆಲ್ಲ ಕಡವೆಯ ಕಡೆ ನಿಂತಿತು. ಏನು ಬಂತು? ಅದು ಒಂದೇ ಮತ. ಹಂದಿಗಳದ್ದು ಎರಡು ದಡ, ಎರಡು ಮತ. ಬಹುಪಾಲು ಜೀವಿಗಳು ಬೇಡವೆಂದವನೇ ಕೆರೆಗೆ ನಾಯಕನಾದ. ಇದನ್ನು ಹೇಳುವಾಗ ಈಗಲೂ ನನ್ನ ಮೈ ಉರಿಯುತ್ತದೆ.

ಸಂಜೆಯೊಳಗೆ ಹಂದಿಗಳು ಮರಳನ್ನೆಲ್ಲ ಬಗೆದು ಹಾಕಿದವು. ಟಿಟ್ಟವ್ವನ ಮೊಟ್ಟೆಗಳನ್ನು ತುಳಿದವು. ಚಿಪ್ಪಜ್ಜಿ ಹೂತಿಟ್ಟಿದ್ದ ಮೊಟ್ಟೆಗಳನ್ನು ಹುಡುಕಿ ತಿಂದವು. ಹೀಗೇಕೆ ಮಾಡಿದೆ ಎಂದು ಅಜ್ಜಿ ಅಳುತ್ತಾ ಹೋಗಿ ಕೋರೆರಾಯನನ್ನು ಕೇಳಿದಳು.

"ನಿಮ್ಮ ನಿಯಮದಂತೆಯೇ ಗೆದ್ದಿದ್ದೀನಲ್ಲ ಅಜ್ಜಿ" ಎಂದ ಅವನು, ಮೂತಿ ಒರೆಸಿಕೊಳ್ಳುತ್ತಾ.

ಮರುದಿನ ಅಜ್ಜಿ ಎಲ್ಲರನ್ನೂ ಕರೆದು, ಹಳೆಯ ನಿಯಮ ಮುಗಿಯಿತು, ಬೇಕಾದವರ ಪಕ್ಕ ಬಂದು ನಿಲ್ಲಿ ಎಂದಳು. ಕಡವೆಯ ಸುತ್ತ ಕಾಲಿಡಲು ಜಾಗವಿರಲಿಲ್ಲ. ಹಂದಿಗಳು ಗುರುಗುಟ್ಟಿದವು. ಆದರೆ ಅಷ್ಟು ಜೀವಿಗಳು ಒಟ್ಟಾಗಿ ಎದುರು ನಿಂತದ್ದನ್ನು ಅವು ಎಂದೂ ಕಂಡಿರಲಿಲ್ಲ. ತೆಪ್ಪಗೆ ತಮ್ಮ ದಡಗಳಿಗೆ ಹೋದವು.

ಚಿಪ್ಪಜ್ಜಿ ಟಿಟ್ಟವ್ವನ ಬಳಿ ಬಂದು ತಪ್ಪಾಯಿತು ಎಂದಳು.

"ತಲೆ ಎಣಿಸೋದು ನಿನ್ನೆಯೂ ಇಷ್ಟೇ ಸುಲಭವಿತ್ತಲ್ಲ ಅಜ್ಜಿ" ಎಂದು ಟಿಟ್ಟವ್ವ ಮುಖ ತಿರುಗಿಸಿ, ಒಡೆದ ಮೊಟ್ಟೆಗಳ ಪಕ್ಕ ಹೋಗಿ ಕೂತಳು.

ನೀತಿ: ಎಲ್ಲರ ಮತಕ್ಕೂ ಒಂದೇ ಬೆಲೆ ಕೊಡದ ನಿಯಮ ಎಷ್ಟೇ ಹಳೆಯದಾದರೂ ಅನ್ಯಾಯವೇ, ಅದನ್ನು ಕೇಡು ಆಗುವ ಮೊದಲೇ ತಿದ್ದಬೇಕು.