ಮಾಸ್ತಮ್ಮನ ಗಂಜಿಯೂ ಅರಮನೆಯ ಹಡಗೂ

ಹತ್ತಿರ ಬನ್ನಿ, ಕೂತುಕೊಳ್ಳಿ. ಕಡಲಂಚಿಗೆ ಒಂದು ರಾಜ್ಯ ಇತ್ತು. ಆ ರಾಜ್ಯಕ್ಕೆ ಸೇರಿದ ಒಂದು ದ್ವೀಪ, ದ್ವೀಪದ ಮೇಲೊಂದು ಕೋಟೆ. ಕೋಟೆಯ ಗಂಜಿಮನೆಯಲ್ಲಿ ಮಾಸ್ತಮ್ಮ ಅಂತ ಒಬ್ಬ ಅಡುಗೆಯವಳು.

ಯುದ್ಧ ಬಂತು. ದ್ವೀಪದಲ್ಲಿ ಗದ್ದೆಯಿಲ್ಲ. ಮೀನಿಗೆ ಹೋದರೆ ವೈರಿಗಳ ಬಾಣ. ವರ್ತಕರು ತಮ್ಮ ಹಡಗು ಕಳಿಸಲು ಹೆದರಿದರು. ರಾಜ ಅರಮನೆಯದೇ ಹಡಗು ಕಟ್ಟಿಸಿದ. ಅಕ್ಕಿ ತುಂಬಿಸಿ, ಸೂರಪ್ಪಯ್ಯನನ್ನು ಅದರ ಅಧಿಕಾರಿ ಮಾಡಿ ಕಳಿಸಿದ.

ಮೊದಲ ಸಲ ಹಡಗು ಬಂತು. ನೋಡಿದರೆ ಅರ್ಧ ಖಾಲಿ.

"ಏನು ಮಾಡಲಿ ತಾಯಿ, ದೊಡ್ಡ ತೆರೆ ಬಂದು ಮೂಟೆ ಎಳಕೊಂಡು ಹೋಯಿತು" ಅಂದ ಸೂರಪ್ಪಯ್ಯ. ಮಾಸ್ತಮ್ಮ ನಂಬಿದಳು. ಗಂಜಿಗೆ ಒಂದು ಕೊಡ ನೀರು ಹೆಚ್ಚಿಗೆ ಹೊಯ್ದಳು.

ಎರಡನೆಯ ಸಲವೂ ಅರ್ಧ ಖಾಲಿ. "ತಳಕ್ಕೆ ನೀರು ನುಗ್ಗಿ ಅಕ್ಕಿ ಕೊಳೆಯಿತು, ಕಡಲಿಗೆ ಚೆಲ್ಲಿದೆ" ಅಂದ. ಮಾಸ್ತಮ್ಮ ನಿಟ್ಟುಸಿರು ಬಿಟ್ಟು ಇನ್ನೊಂದು ಕೊಡ ಹೊಯ್ದಳು. ಬಾಣಂತಿ ಗೌರು ಬಟ್ಟಲಲ್ಲಿ ಅಗುಳು ಹುಡುಕಿ ಹುಡುಕಿ, "ಅಕ್ಕಾ, ಮಗೂಗೆ ಹಾಲೇ ಇಲ್ಲ" ಅಂದಳು. ಮಾಸ್ತಮ್ಮ ತನ್ನ ಪಾಲಿನ ಗಂಜಿಯನ್ನೂ ಅವಳ ಬಟ್ಟಲಿಗೆ ಸುರಿದಳು.

ಮೂರನೆಯ ಸಲವೂ ಅರ್ಧ ಖಾಲಿ. "ಮೇಲಿದ್ದ ಮೂಟೆಗಳನ್ನೆಲ್ಲ ವೈರಿಗಳು ದೋಚಿದರು. ಭಾರೀ ಹೊಡೆದಾಟ!" ಅಂದ.

ಮಾಸ್ತಮ್ಮ ಹಡಗು ನೋಡಿದಳು. ಹಾಯಿ ಹರಿದಿಲ್ಲ. ಹಗ್ಗ ಕಡಿದಿಲ್ಲ. ಒಬ್ಬನ ಮೈಮೇಲೂ ಒಂದು ಗೀರಿಲ್ಲ. ಸಿಟ್ಟು ನೆತ್ತಿಗೇರಿತು. ಆದರೆ ಕೂಗಾಡಿದರೆ ಇವನು ಒಪ್ಪುತ್ತಾನೆಯೇ? ಸಿಟ್ಟು ನುಂಗಿಕೊಂಡು, ದಂಡೆಯಲ್ಲಿ ನೆರೆದ ಜನರೆದುರೇ ಚಪ್ಪಾಳೆ ತಟ್ಟಿದಳು.

"ಅಬ್ಬಾ, ವೈರಿಗಳೇ ಒಯ್ದರಾ? ರಾಜರ ಉಪಾಯ ಫಲಿಸಿತು!"

"ಯಾವ ಉಪಾಯ?"

"ನಿಮಗೆ ಗೊತ್ತಿಲ್ಲವೇ ಸ್ವಾಮಿ? ದೋಚುವವರಿಗೆ ಇರಲಿ ಅಂತ ಮೇಲಿನ ಮೂಟೆಗಳಿಗೆ ವಿಷ ಬೆರೆಸಿದ್ದರಂತೆ. ಉಂಡವರು ಹುಣ್ಣಿಮೆ ನೋಡೋದಿಲ್ಲ."

ಸೂರಪ್ಪಯ್ಯನ ಮುಖ ಸುಣ್ಣದ ಹಾಗೆ ಬಿಳಿಚಿತು.

"ಅಯ್ಯೋ, ನನ್ನ ಹೆಂಡತಿ! ನನ್ನ ಮಕ್ಕಳು! ಹಡಗು ತಿರುಗಿಸಿ! ಹೊಳೆಯ ಅಳಿವೆಯಲ್ಲಿರೋ ನನ್ನ ಉಗ್ರಾಣಕ್ಕೆ ನಡೆಯಿರಿ! ನಾನು ಅಲ್ಲಿ ಇಳಿಸಿದ ಅಕ್ಕೀನೇ ಮನೇಲಿ ಬೇಯಿಸಿರ್ತಾರೆ!"

ದಂಡೆಯಲ್ಲಿದ್ದವರೆಲ್ಲ ಅವನನ್ನು ಸುತ್ತುವರಿದರು.

"ಅಳಬೇಡಿ" ಅಂದಳು ಮಾಸ್ತಮ್ಮ. "ವಿಷವೂ ಇಲ್ಲ, ಏನೂ ಇಲ್ಲ. ನಿಮ್ಮ ಮಕ್ಕಳು ಸುಖವಾಗಿದ್ದಾರೆ. ನಮ್ಮ ಮಕ್ಕಳಿಗೂ ಹೊಟ್ಟೆ ಇದೆ ಸ್ವಾಮಿ."

ಕೋಟೆಯ ದಳವಾಯಿ ಸೂರಪ್ಪಯ್ಯನ ಕೈ ಕಟ್ಟಿಸಿದ. ಉಗ್ರಾಣದ ಅಕ್ಕಿಯೆಲ್ಲ ದ್ವೀಪಕ್ಕೆ ಬಂತು. ಯುದ್ಧ ಮುಗಿಯುವವರೆಗೆ ಸೂರಪ್ಪಯ್ಯ ಬೆನ್ನ ಮೇಲೆ ಮೂಟೆ ಹೊರಬೇಕು, ಎಲ್ಲರೂ ಉಂಡ ಮೇಲೆ ಉಣ್ಣಬೇಕು ಅಂತ ರಾಜನ ಅಪ್ಪಣೆಯಾಯಿತು.

ಗಂಜಿ ಗಟ್ಟಿಯಾಯಿತು. ಬೀದಿಯಲ್ಲಿ ಮತ್ತೆ ನಗು ಕೇಳಿಸಿತು. ಸಾಲಿನ ಕೊನೆಯಲ್ಲಿ ಸೂರಪ್ಪಯ್ಯ ತಲೆತಗ್ಗಿಸಿ ಬಟ್ಟಲು ಒಡ್ಡಿದ. ಮಾಸ್ತಮ್ಮ ಅದನ್ನೂ ಅಂಚಿನವರೆಗೆ ತುಂಬಿಸಿದಳು.

ನೋಡಿದಿರಾ ಮಕ್ಕಳೇ, ಹಸಿದವರಿಗೆಂದು ಹೊರಟ ಅನ್ನವನ್ನು ದಾರಿಯಲ್ಲಿ ಕದ್ದವನು ತನ್ನ ಬಾಯಿಂದಲೇ ಸಿಕ್ಕಿಬೀಳುತ್ತಾನೆ. ಊರಿನ ತುತ್ತು ಊರಿಗೇ ಸೇರಬೇಕು.